ಊರಿಗೆ ಬಂದವರು ನೀರಿಗೂ ಬರಬೇಕಲ್ವಾ?

ವಾರಕ್ಕೊಂದಾದರೂ ಮೇಲ್ ಬರುತ್ತೆ. ಬರೆಯೋರು ಹೆಚ್ಚಾಗಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಹುಡುಗಿಯರು. ಎಲ್ಲರದ್ದೂ ಹೆಚ್ಚುಕಮ್ಮಿ ಮೂರೇ ಪ್ರಶ್ನೆ. ಒಂದು, "ಸರ್, ಕ್ರೊಯೇಷಿಯಾದ ಡಿಜಿಟಲ್ ನೊಮಾಡ್ ಪರ್ಮಿಟ್ ಹೇಗೆ ಸಿಗುತ್ತೆ?" ಎರಡು, "ಡುಬ್ರೊವ್ನಿಕ್ ಕೋಟೆ ಒಳಗೇ ಮನೆ ಸಿಗುತ್ತಾ? ಗೇಮ್ ಆಫ್ ಥ್ರೋನ್ಸ್ ಶೂಟಿಂಗ್ ಮಾಡಿದ್ದು ಅಲ್ಲೇ ಅಲ್ವಾ?" ಮೂರು, "ಅಲ್ಲಿ ನಮಗೆ ಟ್ಯಾಕ್ಸೇ ಇಲ್ವಂತೆ, ನಿಜಾನಾ?"

ಮೊದಲನೆಯದಕ್ಕೆ ಉತ್ತರ ಕೊಡ್ತೀನಿ. ಎರಡನೆಯದಕ್ಕೆ ಸಣ್ಣದಾಗಿ ಬೈತೀನಿ :-) ಮೂರನೆಯದಕ್ಕೆ ಎರಡು ಸಾಲಿನ ಮೇಲ್ ಸಾಲೋದಿಲ್ಲ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಹೌದು, ನಿಜ. ಇಲ್ಲಿ ನಮಗೆ ಆದಾಯ ತೆರಿಗೆ ಇಲ್ಲ. ಇರಬೇಕು ಅನ್ನೋದು ನನ್ನ ವಾದ. ನಮ್ಮಿಂದ ತೆರಿಗೆ ತಗೊಳ್ಳದೇ ಇರೋದು ಈ ಊರು ನಮಗೆ ಮಾಡ್ತಿರೋ ಉಪಕಾರ ಅಂತ ನಮ್ಮವರು ಕುಣಿದಾಡ್ತಾರೆ. ನನಗೇನೋ ಅದು ಅವಮಾನ ಅನ್ನಿಸುತ್ತೆ. "ನೀನು ನಮ್ಮವನಲ್ಲ, ಬಂದ ದಾರಿಯಲ್ಲೇ ಹೋಗೋನು, ನಿನ್ನ ಹತ್ತಿರ ಏನು ಲೆಕ್ಕ" ಅನ್ನೋದನ್ನ ಸರ್ಕಾರಿ ಭಾಷೆಯಲ್ಲಿ ಹೇಳಿದ್ದಾರೆ ಅಷ್ಟೇ.

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ, ಗೊತ್ತಿಲ್ಲದವರಿಗೆ.

ಡುಬ್ರೊವ್ನಿಕ್ ಅಂದ್ರೆ ಆಡ್ರಿಯಾಟಿಕ್ ಸಮುದ್ರದ ದಡದಲ್ಲಿರೋ ಕಲ್ಲಿನ ಊರು. ಸುತ್ತ 1,940 ಮೀಟರ್ ಉದ್ದದ ಕೋಟೆ ಗೋಡೆ. ಒಳಗೆ ಸ್ಟ್ರಾದುನ್ ಅನ್ನೋ ನುಣ್ಣನೆಯ ಸುಣ್ಣಕಲ್ಲು ಹಾಸಿದ ಬೀದಿ, ಎರಡೂ ಕಡೆ ಮೆಟ್ಟಿಲು ಹತ್ತಿಕೊಂಡು ಹೋಗೋ ಸಂದಿಗಳು. ಒಂದು ಕಾಲದಲ್ಲಿ ರಾಗುಸಾ ಅನ್ನೋ ಹೆಸರಿನ ಸ್ವತಂತ್ರ ಗಣರಾಜ್ಯ. 1979ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಟೀವಿ ಸೀರಿಯಲ್ ಬಂದಮೇಲಂತೂ ಕೇಳೋದೇ ಬೇಡ. ಇಡೀ ನಗರಸಭೆ ವ್ಯಾಪ್ತಿಯ ಜನಸಂಖ್ಯೆ 2021ರ ಜನಗಣತಿಯಲ್ಲಿ 41,562. ಅದೇ ಊರಿಗೆ 2019ರಲ್ಲಿ ಬಂದು ರಾತ್ರಿ ಉಳಿದ ಪ್ರವಾಸಿಗರು ಹತ್ತಿರ ಹತ್ತಿರ 14 ಲಕ್ಷ. ಹಡಗಿಂದ ಇಳಿದು ಬೆಳಿಗ್ಗೆ ನೋಡಿ ಸಂಜೆ ವಾಪಸ್ ಹೋದವರು ಈ ಲೆಕ್ಕದಲ್ಲಿ ಇಲ್ಲ.

ಈಗ ಇನ್ನೊಂದು ಲೆಕ್ಕ ನೋಡಿ. 1991ರಲ್ಲಿ ಕೋಟೆ ಒಳಗೆ ಸುಮಾರು 5 ಸಾವಿರ ಜನ ವಾಸ ಇದ್ದರು. ಈಗ ಉಳಿದಿರೋದು ಒಂದೂವರೆ ಸಾವಿರದ ಆಸುಪಾಸು.

1991 ಅನ್ನೋ ವರ್ಷವನ್ನ ಸುಮ್ಮನೆ ಹೇಳಿದ್ದಲ್ಲ. ಆ ಅಕ್ಟೋಬರ್‌ನಲ್ಲಿ ಯುಗೊಸ್ಲಾವ್ ಸೇನೆ ಈ ಊರಿಗೆ ಮುತ್ತಿಗೆ ಹಾಕಿತು. ನೀರು ನಿಲ್ತು, ಕರೆಂಟು ನಿಲ್ತು. ಡಿಸೆಂಬರ್ 6ರಂದು ಹಳೆಯ ಊರಿನ ಮೇಲೇ ಶೆಲ್ ಸುರಿಮಳೆ. ಯುನೆಸ್ಕೋ ಎಣಿಸಿದ ಪ್ರಕಾರ ಕೋಟೆ ಒಳಗಿನ 824 ಕಟ್ಟಡಗಳಲ್ಲಿ 563ಕ್ಕೆ ಪೆಟ್ಟು ಬಿದ್ದಿತ್ತು. ಇವತ್ತು ಗೋಡೆ ಮೇಲೆ ನಿಂತು ನೋಡಿದರೆ ಕೆಂಪು ಹೆಂಚುಗಳಲ್ಲಿ ಹೊಸದು ಯಾವುದು ಹಳೆಯದು ಯಾವುದು ಅಂತ ಬಣ್ಣದಲ್ಲೇ ಗೊತ್ತಾಗುತ್ತೆ. ಮಾಡು ಹಾರಿಹೋದ ಮನೆಗಳಿಗೆ ಜನ ವಾಪಸ್ ಬಂದರು, ಹೆಂಚು ಹೊದಿಸಿಕೊಂಡರು, ಮತ್ತೆ ಒಲೆ ಹಚ್ಚಿದರು. ಮದ್ದುಗುಂಡಿಗೆ ಖಾಲಿಯಾಗದ ಊರು ಆಮೇಲೆ ಬಾಡಿಗೆಗೆ ಖಾಲಿಯಾಯಿತು ನೋಡಿ!

ಯಾರೂ ಯಾರನ್ನೂ ಕತ್ತಿನ ಪಟ್ಟಿ ಹಿಡಿದು ಹೊರಗೆ ದಬ್ಬಲಿಲ್ಲ, ಅದನ್ನೂ ಹೇಳಬೇಕು. ಮೂರನೇ ಮಹಡಿಗೆ ಕಿರಿದಾದ ಮೆಟ್ಟಿಲು, ಲಿಫ್ಟ್ ಇಲ್ಲ, ಮನೆ ಬಾಗಿಲಿಗೆ ಕಾರು ಬರಲ್ಲ, ಗ್ಯಾಸ್ ಸಿಲಿಂಡರನ್ನೂ ಹೊತ್ತೇ ತರಬೇಕು. ಕೆಳಗಿನ ಮಹಡಿಯವರು ರೂಮು ಬಾಡಿಗೆಗೆ ಕೊಟ್ಟು ದುಡ್ಡು ಮಾಡ್ತಿದ್ದಾರೆ. ಹಾಗಿದ್ದಾಗ ನಾನೂ ಕೊಟ್ಟು, ಹೊರಗೆ ಒಂದು ದೊಡ್ಡ ಮನೆ ಮಾಡಿಕೊಂಡರೆ ತಪ್ಪೇನು? ಒಬ್ಬೊಬ್ಬರ ಲೆಕ್ಕವೂ ಸರಿಯೇ. ಎಲ್ಲರ ಲೆಕ್ಕ ಒಟ್ಟು ಕೂಡಿಸಿದಾಗ ಮಾತ್ರ ಊರು ಇರೋದಿಲ್ಲ. ಮೊದಲು ಮಕ್ಕಳು ಹೋಗ್ತಾರೆ. ಆಮೇಲೆ ಚಪ್ಪಲಿ ಹೊಲಿಯೋನು, ಹಾಲಿನ ಅಂಗಡಿ. ಆಮೇಲೆ ಅಕ್ಕಪಕ್ಕ ಯಾರೂ ಇಲ್ಲ ಅಂತ ಉಳಿದ ಮುದುಕಿಯೂ ಹೋಗ್ತಾಳೆ.

ಈ ಕಥೆಯೊಳಗೆ ನಾವು, ಅಂದ್ರೆ ಲ್ಯಾಪ್‌ಟಾಪ್ ಜನ, ಬಂದಿದ್ದು ಕೊರೋನಾ ಕಾಲದಲ್ಲಿ. 2020ರಲ್ಲಿ ಹಡಗೂ ಇಲ್ಲ, ವಿಮಾನವೂ ಇಲ್ಲ, ಪ್ರವಾಸಿಗರನ್ನೇ ನಂಬಿದ್ದ ಊರು ಬಾಯಿ ಬಾಯಿ ಬಿಡ್ತು. ಆ ಜುಲೈನಲ್ಲಿ ಸ್ಪ್ಲಿಟ್ ನಗರದಲ್ಲಿ ನೆಲೆಸಿದ್ದ ಯಾನ್ ಡಿ ಯೋಂಗ್ ಅನ್ನೋ ಡಚ್ ಉದ್ಯಮಿ ಕ್ರೊಯೇಷಿಯಾದ ಪ್ರಧಾನಿಗೆ ಬಹಿರಂಗ ಪತ್ರ ಬರೆದ, ಡಿಜಿಟಲ್ ನೊಮಾಡ್‌ಗಳಿಗೆ ವೀಸಾ ಕೊಡಿ ಅಂತ. ಸರ್ಕಾರ ಒಪ್ಪಿತು, 2021ರ ಜನವರಿ 1ರಿಂದ ಕಾನೂನೇ ಬಂತು. ಅದಕ್ಕೂ ಮೊದಲೇ, 2020ರ ಅಕ್ಟೋಬರ್‌ನಲ್ಲಿ, ಡುಬ್ರೊವ್ನಿಕ್ ನಮ್ಮಂಥವರನ್ನ ಕರೆಯೋದು ಹೇಗೆ ಅಂತ ಒಂದು ಸಮಾವೇಶ ಮಾಡಿತು. 2021ರ ವಸಂತದಲ್ಲಿ ಬೇರೆ ಬೇರೆ ದೇಶದ 10 ಜನ ನೊಮಾಡ್‌ಗಳನ್ನ ಕರೆಸಿ, ಕೆಲವು ವಾರ ಇಟ್ಟುಕೊಂಡು, "ನಮ್ಮ ಊರು ನಿಮಗೆ ಹೇಗಿರಬೇಕು ಹೇಳಿ" ಅಂತ ಕೇಳಿತು.

ಆ ಸಮಾವೇಶ ನಡೆದ ಜಾಗ ಯಾವುದು ಗೊತ್ತಾ? ಲಾಝರೇತಿ. ಕೋಟೆಯ ಪೂರ್ವದ ಬಾಗಿಲಿನ ಆಚೆ ಇರೋ ಹಳೆಯ ಕ್ವಾರಂಟೈನ್ ಮನೆಗಳು! ಕ್ವಾರಂಟೈನ್ ಅನ್ನೋ ಪದ್ಧತಿಗೆ ಮೊದಲ ಕಾನೂನು ಮಾಡಿದ ಊರುಗಳಲ್ಲಿ ಇದೇ ಮುಂಚೂಣಿ. 1377ರಲ್ಲಿ, ಪ್ಲೇಗ್ ಇರೋ ಊರುಗಳಿಂದ ಬಂದವರು 30 ದಿನ ಹೊರಗೇ ಇದ್ದು ಆಮೇಲೆ ಒಳಗೆ ಬರಬೇಕು ಅಂತ ರಾಗುಸಾದ ಮಂಡಳಿ ನಿಯಮ ಮಾಡಿತ್ತು. ವ್ಯಾಪಾರವೇ ಉಸಿರಾಗಿದ್ದ ಊರು ಅದು, ಹೊರಗಿನವರು ಬೇಡ ಅನ್ನೋ ಹಾಗಿರಲಿಲ್ಲ. ಬನ್ನಿ, ಆದರೆ ನಮ್ಮ ಷರತ್ತಿನ ಮೇಲೆ ಬನ್ನಿ ಅಂದಿತು. ಆರೂವರೆ ಶತಮಾನದ ನಂತರ ಷರತ್ತು ಹಾಕೋ ಸರದಿ ಬಂದವರದ್ದಾಯಿತು.

ಪರ್ಮಿಟ್ ಏನು ಹೇಳುತ್ತೆ ನೋಡೋಣ. ಯುರೋಪಿಯನ್ ಒಕ್ಕೂಟದ ಹೊರಗಿನ ಪ್ರಜೆ ಆಗಿರಬೇಕು. ಕ್ರೊಯೇಷಿಯಾದಲ್ಲಿ ನೋಂದಣಿ ಆಗದ ಕಂಪನಿಗೆ ಕೆಲಸ ಮಾಡ್ತಿರಬೇಕು, ಇಲ್ಲಿನ ಯಾರಿಗೂ ಕೆಲಸ ಮಾಡೋ ಹಾಗಿಲ್ಲ. ಆರೋಗ್ಯ ವಿಮೆ ನಮ್ಮದೇ. ಮೊದಲು ಒಂದು ವರ್ಷದವರೆಗೆ ಕೊಡ್ತಿದ್ದರು, 2025ರ ತಿದ್ದುಪಡಿಯ ನಂತರ ಒಂದೂವರೆ ವರ್ಷದವರೆಗೂ ಸಿಗುತ್ತೆ. ಅವಧಿ ಮುಗಿದ ಮೇಲೆ ಆರು ತಿಂಗಳು ಬಿಟ್ಟೇ ಮತ್ತೆ ಅರ್ಜಿ ಹಾಕಬೇಕು. ಸಂಬಳ ಇಷ್ಟಿರಬೇಕು ಅಂತ ಒಂದು ಮಿತಿ ಇದೆ, ಇಲ್ಲಿನ ಸರಾಸರಿ ಕೈಗೆ ಬರೋ ಸಂಬಳದ ಎರಡೂವರೆ ಪಟ್ಟು. 2025ರಲ್ಲಿ ಅದು ತಿಂಗಳಿಗೆ 3,295 ಯೂರೋ. ವಿದೇಶದಿಂದ ಬರೋ ಆ ಸಂಬಳದ ಮೇಲೆ ಕ್ರೊಯೇಷಿಯಾ ಆದಾಯ ತೆರಿಗೆ ಹಾಕೋದಿಲ್ಲ.

ಕೊನೆಯ ಎರಡು ವಾಕ್ಯವನ್ನ ಜೋಡಿಸಿ ಇನ್ನೊಂದು ಸಲ ಓದಿ. ಊರಿನವನಿಗಿಂತ ಎರಡೂವರೆ ಪಟ್ಟು ಸಂಪಾದಿಸ್ತೀಯಾ ಅನ್ನೋದಕ್ಕೆ ದಾಖಲೆ ಕೊಡು, ಕೊಟ್ಟಮೇಲೆ ನಿನಗೆ ತೆರಿಗೆ ಮಾಫಿ! ಬಡವನಿಗೆ ರಿಯಾಯಿತಿ ಅಂದ್ರೆ ಅರ್ಥ ಆಗುತ್ತೆ. ಇದು ಯಾವ ನ್ಯಾಯ ಸ್ವಾಮಿ?

ನನ್ನ ವಿಷಯಕ್ಕೆ ಬರ್ತೀನಿ. ಕಂಪನಿ ಬೆಂಗಳೂರಿನದು. ಚಳಿಗಾಲದಲ್ಲಿ ಬೆಂಗಳೂರಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಅಲ್ಲಿ ಬೆಳಿಗ್ಗೆ 10ರ ಮೀಟಿಂಗ್ ಅಂದ್ರೆ ನನಗೆ ಐದೂವರೆ, ಇನ್ನೂ ಕತ್ತಲು. ಬಂದಿದ್ದು ಅಕ್ಟೋಬರ್‌ನಲ್ಲಿ. ಬಂದರು ಇರೋ ಗ್ರೂಜ್ ಬಡಾವಣೆಯಲ್ಲಿ ತಿಂಗಳಿಗೆ 700 ಯೂರೋಗೆ ಮನೆ ಸಿಕ್ತು. ಕರಾರು ಪತ್ರದಲ್ಲಿ ಮೇ 31ರವರೆಗೆ ಅಂತ ಇತ್ತು. ವರ್ಷಪೂರ್ತಿ ಕೊಡಿ ಅಂದೆ. ಮನೆ ಮಾಲೀಕರು ನಕ್ಕರು. ಜೂನ್ ಬಂದರೆ ಅದೇ ಮನೆಗೆ ರಾತ್ರಿಗೆ 120 ಯೂರೋ ಅವರಿಗೆ. ಆರು ರಾತ್ರಿಯಲ್ಲಿ ನನ್ನ ಒಂದು ತಿಂಗಳ ಬಾಡಿಗೆ ಬಂದುಬಿಡುತ್ತೆ. ನಾನು ಅವರಿಗೆ ಬಾಡಿಗೆದಾರ ಅಲ್ಲ, ಚಳಿಗಾಲದಲ್ಲಿ ಮನೆ ಬೂಸ್ಟು ಹಿಡಿಯದ ಹಾಗೆ ನೋಡಿಕೊಳ್ಳೋ ದುಡ್ಡು ಕೊಡುವ ಕಾವಲುಗಾರ ಅಷ್ಟೇ!

ನನಗೇನೂ ಅದರಿಂದ ಪ್ರಾಣ ಹೋಗಲ್ಲ ಬಿಡಿ. ಎರಡು ಸೂಟ್‌ಕೇಸು, ಒಂದು ಲ್ಯಾಪ್‌ಟಾಪ್. ಆದರೆ ಅದೇ ಕಟ್ಟಡದ ಮೇಲಿನ ಮನೆಯಲ್ಲಿದ್ದ ಹೆಂಗಸು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಎರಡು ಮಕ್ಕಳು, ದೊಡ್ಡವಳು ಮೂರನೇ ಕ್ಲಾಸು. ಅವರ ಕರಾರೂ ಮೇ 31ಕ್ಕೇ ಮುಗಿಯುತ್ತೆ. ಇಲ್ಲಿ ಶಾಲೆ ಮುಗಿಯೋದು ಜೂನ್ ಮಧ್ಯದಲ್ಲಿ. ಮೂರು ವರ್ಷದಲ್ಲಿ ಮೂರನೇ ಸಲ ಮನೆ ಖಾಲಿ ಮಾಡ್ತಿದ್ದರು. ಬೇಸಿಗೆ ಪೂರ್ತಿ ಮಕ್ಕಳನ್ನ ಅಜ್ಜಿ ಮನೆಗೆ ಕಳಿಸಿ, ತಾನು ಸಹೋದ್ಯೋಗಿಯೊಬ್ಬರ ಮನೆಯ ಸೋಫಾದ ಮೇಲೆ ಮಲಗೋದು. ಬೇಸಿಗೆಯಲ್ಲೇ ಆಸ್ಪತ್ರೆಗೆ ಜನ ಜಾಸ್ತಿ. ಬಿಸಿಲಿಗೆ ತಲೆ ಸುತ್ತಿ ಬಿದ್ದ ಪ್ರವಾಸಿಗೆ ಡ್ರಿಪ್ ಹಾಕೋಳಿಗೆ ಆ ಪ್ರವಾಸಿಗಾಗಿಯೇ ಮನೆ ಇಲ್ಲ.

ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಾಗ ಆಕೆ ಕೇಳಿದರು, "ನೀನು ಇಲ್ಲಿ ವಾಸ ಮಾಡ್ತಿದ್ದೀಯಾ, ಇಳಕೊಂಡಿದ್ದೀಯಾ?" ಅಂತ. ವ್ಯಂಗ್ಯ ಏನೂ ಇರಲಿಲ್ಲ, ತಿಳ್ಕೊಳ್ಳೋಕೆ ಕೇಳಿದ್ದು. ಪರ್ಮಿಟ್ ಕಾರ್ಡಿನ ಪ್ರಕಾರ ವಾಸ ಮಾಡ್ತಿದ್ದೀನಿ. ಆಕೆಯ ಸಂಬಳದಿಂದ ಪ್ರತಿ ತಿಂಗಳೂ ತೆರಿಗೆ ಹಿಡೀತಾರೆ. ಈ ದೇಶದಲ್ಲಿ ಆದಾಯ ತೆರಿಗೆಯ ಹಣ ಬಹುಪಾಲು ಹೋಗೋದು ರಾಜಧಾನಿಗಲ್ಲ, ನಗರಸಭೆ ಮತ್ತು ಜಿಲ್ಲೆಗಳಿಗೆ. ಅಂದ್ರೆ ನಾನು ನಡೆಯೋ ಬೀದಿಯ ದೀಪಕ್ಕೆ, ನಾನು ಹತ್ತೋ ಸಿಟಿ ಬಸ್ಸಿಗೆ, ನಾನು ಎಸೆದ ಕಸ ಎತ್ತೋದಕ್ಕೆ ಆಕೆ ದುಡ್ಡು ಕೊಡ್ತಿದ್ದಾರೆ. ನಾನು, ಆಕೆಗಿಂತ ಜಾಸ್ತಿ ಸಂಬಳದವನು, ಕೊಡ್ತಿಲ್ಲ. ಕೊಡ್ತೀನಿ ಅಂದ್ರೂ ತಗೊಳ್ಳೋ ಕೌಂಟರ್ ಇಲ್ಲ!

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತ. ಊರಲ್ಲಿ ಇರೋದು ಅಂದ್ರೆ ಬಾವಿಕಟ್ಟೆಗೆ ಬರೋದು. ಸರದಿಯಲ್ಲಿ ನಿಲ್ಲೋದು, ಹಗ್ಗ ಹರಿದರೆ ಎಲ್ಲರ ಜೊತೆ ದುಡ್ಡು ಹಾಕೋದು, ಹೂಳು ತೆಗೆಯೋ ದಿನ ಮನೆಯಿಂದ ಒಂದಾಳು ಹೋಗೋದು. ನಾವು ಏನು ಮಾಡಿದ್ದೀವಿ ಅಂದ್ರೆ, ಊರಿಗೆ ಬಂದಿದ್ದೀವಿ, ನೀರನ್ನ ಮಾತ್ರ ಆನ್‌ಲೈನ್‌ನಲ್ಲಿ ತರಿಸ್ಕೊಳ್ತಿದ್ದೀವಿ.

ನೀರಿನ ಮಾತು ಬಂತು ಅಂತ ಇನ್ನೊಂದು ಹೇಳಲೇಬೇಕು. ಕೋಟೆಯ ಪಶ್ಚಿಮದ ಪಿಲೆ ಬಾಗಿಲಿಂದ ಒಳಗೆ ಕಾಲಿಡ್ತಿದ್ದ ಹಾಗೆ ಎದುರಿಗೆ ಗುಮ್ಮಟದ ಹಾಗಿರೋ ದೊಡ್ಡ ನೀರಿನ ಕಾರಂಜಿ ಇದೆ. ಪ್ರವಾಸಿಗರೆಲ್ಲ ಅದರ ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಂ ತಿಂತಾರೆ. ಹೆಸರು ಒನೊಫ್ರಿಯೊ ಕಾರಂಜಿ. ಒನೊಫ್ರಿಯೊ ದೆಲ್ಲಾ ಕಾವಾ ಈ ಊರಿನವನಲ್ಲ, ದಕ್ಷಿಣ ಇಟಲಿಯವನು. ಅವನೂ ಕೆಲಸದ ಮೇಲೆ ಬಂದ ಹೊರಗಿನವನೇ! 1436ರಲ್ಲಿ ರಾಗುಸಾ ಅವನ ಜೊತೆ ಕರಾರು ಮಾಡಿಕೊಂಡಿತು. ಸುಮಾರು 12 ಕಿಲೋಮೀಟರ್ ದೂರದ ಶುಮೆತ್ ಅನ್ನೋ ಕಡೆಯ ಬುಗ್ಗೆಯಿಂದ ಕಾಲುವೆ ಕಟ್ಟಿ, 1438ರ ಹೊತ್ತಿಗೆ ಊರಿಗೆ ನೀರು ತಂದ. ಅಲ್ಲಿವರೆಗೂ ಜನ ಮಳೆನೀರು ಹಿಡಿದ ತೊಟ್ಟಿಗಳನ್ನೇ ನಂಬಿಕೊಂಡಿದ್ದರು. 1667ರ ಭೂಕಂಪದಲ್ಲಿ ಕಾರಂಜಿಯ ಮೇಲಿನ ಅಲಂಕಾರ ಎಲ್ಲ ಬಿದ್ದುಹೋಯಿತು. ನಲ್ಲಿಯಲ್ಲಿ ನೀರು ಇವತ್ತಿಗೂ ಬರ್ತಿದೆ.

ಹೊರಗಿನವರು ಬಂದರೆ ಊರು ಹಾಳಾಗುತ್ತೆ ಅನ್ನೋರಿಗೆ ನಾನು ಆ ಕಾರಂಜಿ ತೋರಿಸ್ತೀನಿ. ನಾವು ಬಂದಿದ್ದರಿಂದ ಊರು ಉದ್ಧಾರ ಆಯಿತು ಅನ್ನೋ ನಮ್ಮವರಿಗೂ ಅದನ್ನೇ ತೋರಿಸ್ತೀನಿ. ಅವನು ಊರಿನ ಕೆಲಸಕ್ಕೆ ಬಂದಿದ್ದ, ಊರಿನ ಜೊತೆ ಕರಾರಿತ್ತು. ನಮಗೆ ಊರಿನ ಕೆಲಸ ಮಾಡಬಾರದು ಅನ್ನೋದೇ ಕರಾರು!

ಇನ್ನು ನಮ್ಮವರ ವಾದಗಳು. ಶನಿವಾರ ಸಂಜೆ ಕಾಫಿಗೆ ಸೇರಿದಾಗ ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ.

"ನಾವು ದುಡ್ಡು ಖರ್ಚು ಮಾಡ್ತೀವಲ್ಲ, 25 ಪರ್ಸೆಂಟ್ ವ್ಯಾಟ್ ಕೊಡ್ತೀವಲ್ಲ." ಕೊಡ್ತೀವಿ. ಆ ನರ್ಸೂ ಕೊಡ್ತಾರೆ. ಬ್ರೆಡ್ಡು, ಸೋಪು ತಗೊಂಡ ಎಲ್ಲರೂ ಏನಾದರೊಂದು ದರದಲ್ಲಿ ಕೊಡ್ತಾರೆ. ಹಡಗಿಂದ ಇಳಿದು ಒಂದು ಬಿಯರ್ ಕುಡಿದು ಹೋಗೋನೂ ಕೊಡ್ತಾನೆ. ಅಷ್ಟಕ್ಕೇ ಊರಿನವರಾಗಿಬಿಡೋದಾದರೆ ಅವನೂ ಊರಿನವನೇ ಆದ. ಅಲ್ಲದೆ ನಮ್ಮ ಖರ್ಚಿನ ದೊಡ್ಡ ಪಾಲು ಬಾಡಿಗೆ. ಅದು ಸೇರೋದು ಮನೆ ಮಾಲೀಕರ ಜೇಬಿಗೆ, ಮುಂದಿನ ವರ್ಷ ಬಾಡಿಗೆ ಏರಿಸೋಕೆ ಧೈರ್ಯವಾಗಿ ಅದೇ ಅವರ ಕೈಯಲ್ಲಿರುತ್ತೆ.

"ನಾವು ಭಾರತದಲ್ಲಿ ತೆರಿಗೆ ಕಟ್ಟುತ್ತೀವಲ್ಲ." ಕಟ್ಟೋರು ಕಟ್ಟುತ್ತಾರೆ, ಸಂತೋಷ. ಅದರಿಂದ ಬೆಂಗಳೂರಿನ ರಸ್ತೆ ಗುಂಡಿ ಮುಚ್ಚುತ್ತಾರೋ ಇಲ್ಲವೋ ಅದು ಬೇರೆ ಕಥೆ :-) ಆದರೆ ಆ ದುಡ್ಡಲ್ಲಿ ಸ್ಟ್ರಾದುನ್ ಬೀದಿ ಗುಡಿಸೋನಿಗೆ ಸಂಬಳ ಬರಲ್ಲ. ಎರಡು ಕಡೆ ತೆರಿಗೆ ಬೀಳದ ಹಾಗೆ ದೇಶದೇಶಗಳ ನಡುವೆ ಒಪ್ಪಂದಗಳಿರ್ತವೆ, ಒಂದು ಕಡೆ ಕಟ್ಟಿದ್ದನ್ನ ಇನ್ನೊಂದು ಕಡೆ ಕಳೆಯೋ ದಾರಿಗಳಿವೆ. ಎರಡು ಸಲ ಕಟ್ಟಬೇಕು ಅಂತ ನಾನು ಹೇಳ್ತಿಲ್ಲ. ಎಲ್ಲಿ ಬದುಕ್ತೀವೋ ಅಲ್ಲೂ ಒಂದು ಪಾಲು ಬೀಳಲಿ ಅಂತಿದ್ದೀನಿ.

"ಅವರೇ ಕರೆದರಲ್ಲ." ಕರೆದರು, ನಿಜ. ಯಾರು ಕರೆದರು ಅಂತಲೂ ನೋಡಬೇಕಲ್ವಾ? ಖಾಲಿ ರೂಮುಗಳನ್ನ ಇಟ್ಟುಕೊಂಡು ಕೂತಿದ್ದವರು ಕರೆದರು. ಮನೆ ಹುಡುಕ್ತಿದ್ದ ನರ್ಸ್ ಕರೆಯಲಿಲ್ಲ.

"ನಾವೆಷ್ಟು ಜನ ಇದ್ದೀವಿ? 14 ಲಕ್ಷ ಪ್ರವಾಸಿಗರ ಮುಂದೆ ನಾವು ಸಾಸಿವೆ ಕಾಳು." ಈ ವಾದದಲ್ಲಿ ಮಾತ್ರ ತೂಕ ಇದೆ, ನಾನು ಒಪ್ತೀನಿ. ಡುಬ್ರೊವ್ನಿಕ್‌ನ ಮನೆಗಳನ್ನ ತಿಂದಿದ್ದು ಮುಖ್ಯವಾಗಿ ರಾತ್ರಿ ಲೆಕ್ಕದ ಬಾಡಿಗೆ, ನಾವಲ್ಲ. ಆ ಬಾಡಿಗೆಯವರಿಗೆ ತೆರಿಗೆ ಹೇಗೆ ಗೊತ್ತಾ? ಸಂಪಾದನೆ ಮೇಲಲ್ಲ, ಹಾಸಿಗೆ ಮೇಲೆ! ಒಂದು ಹಾಸಿಗೆಗೆ ವರ್ಷಕ್ಕೆ ಇಷ್ಟು ಅಂತ ನಿಗದಿ ಮೊತ್ತ. 2025ರಲ್ಲಿ ಏರಿಸಿದ ಮೇಲೂ, ಪ್ರವಾಸಿಗರು ಅತಿ ಹೆಚ್ಚು ಬರೋ ಊರುಗಳಲ್ಲೂ ಹಾಸಿಗೆಗೆ ಗರಿಷ್ಠ 300 ಯೂರೋ. ನನ್ನ ಹಳೇ ಮನೆಯಲ್ಲಿದ್ದದ್ದು ಎರಡು ಹಾಸಿಗೆ. ಅತಿ ಹೆಚ್ಚಿನ ದರ ಹಾಕಿದರೂ ಜುಲೈನ ಐದು ರಾತ್ರಿಗೆ ವರ್ಷದ ತೆರಿಗೆ ಮುಗೀತು. ಹಾಗಾಗಿ ಮೊದಲ ಕಳ್ಳ ಯಾರು ಅಂತ ಕೇಳಿದರೆ ನಾನು ನಮ್ಮ ಕಡೆ ಬೆರಳು ತೋರಿಸಲ್ಲ.

ಆದರೆ ನಾವು ಆ ವ್ಯವಸ್ಥೆಯ ಅರ್ಧ ಭಾಗ ಆಗಿದ್ದೀವಿ ಅನ್ನೋದನ್ನ ಮರೀಬಾರದು. ಬೇಸಿಗೆಗೆ ಪ್ರವಾಸಿ, ಚಳಿಗಾಲಕ್ಕೆ ನೊಮಾಡ್. ಚಳಿಗಾಲದ ಎಂಟು ತಿಂಗಳು ಮನೆ ಖಾಲಿ ಬಿದ್ದಿದ್ದರೆ ಮಾಲೀಕರು "ಹೋಗ್ಲಿ, ವರ್ಷಪೂರ್ತಿ ಇರೋ ಸಂಸಾರಸ್ಥರಿಗೆ ಕೊಡೋಣ" ಅಂತ ಒಂದಲ್ಲ ಒಂದು ದಿನ ಯೋಚನೆ ಮಾಡ್ತಿದ್ದರು. ಆ ಎಂಟು ತಿಂಗಳನ್ನ ಒಳ್ಳೇ ಬಾಡಿಗೆ ಕೊಟ್ಟು, ತಕರಾರಿಲ್ಲದೆ ತುಂಬಿ, ಮೇ ಬಂದ ತಕ್ಷಣ ಕೈಮುಗಿದು ಎದ್ದು ಹೋಗೋರು ನಾವು. ಇಂಥ ಚಿನ್ನದಂಥ ಬಾಡಿಗೆದಾರ ಸಿಕ್ಕಿದರೆ ಯಾರು ತಾನೆ ಶಾಲೆಗೆ ಹೋಗೋ ಮಕ್ಕಳಿರೋರಿಗೆ ಮನೆ ಕೊಡ್ತಾರೆ ಹೇಳಿ?

ಇದು ಸರ್ಕಾರಕ್ಕೂ ಗೊತ್ತು. 2025ರ ಜನವರಿಯಿಂದ ಹೊಸದಾಗಿ ಆಸ್ತಿ ತೆರಿಗೆ ತಂದಿದ್ದಾರೆ, ಚದರ ಮೀಟರಿಗೆ ವರ್ಷಕ್ಕೆ 60 ಸೆಂಟ್‌ನಿಂದ 8 ಯೂರೋವರೆಗೆ. ಮಾಲೀಕರೇ ಕಾಯಂ ವಾಸ ಇರೋ ಮನೆಗೆ ಅದು ಇಲ್ಲ. ವರ್ಷದಲ್ಲಿ ಕನಿಷ್ಠ 10 ತಿಂಗಳು ಬಾಡಿಗೆಗೆ ಕೊಟ್ಟ ಮನೆಗೂ ಇಲ್ಲ. ಹತ್ತು ತಿಂಗಳು ಅಂತ ಯಾಕೆ ಹಾಕಿದರು ಅಂತ ಈಗ ನಿಮಗೆ ಗೊತ್ತಾಯಿತಲ್ಲ? ಅಕ್ಟೋಬರಿಂದ ಮೇವರೆಗೆ ಎಣಿಸಿ ನೋಡಿ, ಎಂಟೇ ಆಗುತ್ತೆ. ಬಹುಮಹಡಿ ಕಟ್ಟಡದಲ್ಲಿ ಹೊಸದಾಗಿ ಪ್ರವಾಸಿಗರಿಗೆ ಕೊಡಬೇಕಾದರೆ ಉಳಿದ ಮಾಲೀಕರ ಒಪ್ಪಿಗೆಯೂ ಬೇಕು ಅಂತ ಮಾಡಿದ್ದಾರೆ. ಹಡಗಿನವರ ವಿಷಯದಲ್ಲಿ 2019ರಲ್ಲೇ ಮಿತಿ ಬಂತು, ಒಂದು ಹೊತ್ತಿಗೆ ಎರಡೇ ಹಡಗು, ಸುಮಾರು 4 ಸಾವಿರ ಜನ. ಅಂದ್ರೆ ಹಡಗಿಗೆ ಮಿತಿ ಆಯಿತು, ಖಾಲಿ ಮನೆಗೆ ತೆರಿಗೆ ಆಯಿತು. ನಮ್ಮೊಬ್ಬರನ್ನ ಮಾತ್ರ ಇನ್ನೂ ಮನೆ ಅಳಿಯನ ಹಾಗೆ ನೋಡಿಕೊಳ್ತಿದ್ದಾರೆ.

2023ರಲ್ಲಿ ಒಂದು ತಮಾಷೆ ನಡೀತು. ಹಳೆಯ ಊರಿನ ಕಲ್ಲಿನ ಮೇಲೆ ಚಕ್ರದ ಸೂಟ್‌ಕೇಸ್ ಎಳೀಬೇಡಿ, ಜನ ಮಲಗಿರ್ತಾರೆ, ಎತ್ತಿಕೊಂಡು ಹೋಗಿ ಅಂತ ನಗರದವರು ಪ್ರವಾಸಿಗರಿಗೆ ಕೇಳಿಕೊಂಡರು. ಎಳೆದರೆ ದಂಡ ಅಂತ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅಂಥ ದಂಡ ಇಲ್ಲ ಅಂತ ಆಮೇಲೆ ಇಲ್ಲಿನವರೇ ಹೇಳಬೇಕಾಯಿತು. ಆ ಗಲಾಟೆಯಲ್ಲಿ ಎಲ್ಲರೂ ಸೂಟ್‌ಕೇಸಿನ ಸದ್ದಿನ ಬಗ್ಗೆಯೇ ಮಾತಾಡಿದರು. ಆ ಸದ್ದಿಗೆ ಎಚ್ಚರ ಆಗೋಕೆ ಒಳಗೆ ಯಾರು ಉಳಿದಿದ್ದಾರೆ ಅಂತ ಕೇಳಿದವರು ಕಮ್ಮಿ.

ಇನ್ನು ಆ ಹೆಸರು, ಡಿಜಿಟಲ್ ನೊಮಾಡ್. ಕನ್ನಡದಲ್ಲಿ ಹೇಳಿದರೆ ಅಲೆಮಾರಿ. ನಮ್ಮಲ್ಲಿ ಅಲೆಮಾರಿ ಅಂದ್ರೆ ಯಾರು? ಊರಾಚೆ ಗುಡಾರ ಹಾಕಿದ ಹಕ್ಕಿಪಿಕ್ಕಿಯವರು, ದೊಂಬರು. ವಿಳಾಸ ಇಲ್ಲ ಅಂತ ರೇಷನ್ ಕಾರ್ಡು ಸಿಗದೇ ಅಲೆಯೋರು. ಊರಲ್ಲಿ ಕಳ್ಳತನ ಆದರೆ ಮೊದಲು ಪೊಲೀಸರು ಹೋಗೋದು ಅವರ ಗುಡಾರಕ್ಕೆ. ತಿಂಗಳಿಗೆ 3,295 ಯೂರೋ ತೋರಿಸಿ, ಸಮುದ್ರ ಕಾಣೋ ಕಿಟಕಿ ಪಕ್ಕ ಕೂತು, ಆ ಹೆಸರು ಇಟ್ಟುಕೊಳ್ಳೋಕೆ ನಮಗೆ ಸ್ವಲ್ಪವಾದರೂ ಸಂಕೋಚ ಬೇಡ್ವಾ?

ಸರಿ, ಬೈದಿದ್ದಾಯಿತು. ಏನು ಮಾಡಬೇಕು ಅಂತ ಕೇಳ್ತೀರಿ. ಬರಲೇಬೇಡಿ ಅಂತ ನಾನು ಹೇಳಲ್ಲ. ನಾನೇ ಇಲ್ಲಿದ್ದೀನಿ, ಇಷ್ಟಪಟ್ಟು ಇದ್ದೀನಿ. ಫೆಬ್ರವರಿ 3ರಂದು ಸ್ವೆತಿ ವ್ಲಾಹೋ ಹಬ್ಬ, ಈ ಊರಿನ ಕಾಯುವ ಸಂತನದ್ದು. ಸುತ್ತಲಿನ ಹಳ್ಳಿಯವರೆಲ್ಲ ತಮ್ಮ ತಮ್ಮ ಬಾವುಟ ಹಿಡಿದು ಕೋಟೆಯೊಳಗೆ ಬರ್ತಾರೆ. ಆವತ್ತು ಸ್ಟ್ರಾದುನ್‌ನಲ್ಲಿ ನಿಂತರೆ ಇದು ಸಿನಿಮಾ ಸೆಟ್ಟಲ್ಲ, ಊರು ಅಂತ ಗೊತ್ತಾಗುತ್ತೆ. ಅದನ್ನ ನೋಡಬೇಡಿ ಅಂತ ಯಾರಿಗೆ ತಾನೆ ಹೇಳಲಿ? ಬನ್ನಿ, ಆದರೆ ಹೀಗೆ ಬನ್ನಿ.

ಕೋಟೆ ಒಳಗೆ ಮನೆ ಹುಡುಕಬೇಡಿ. ಒಂದೂವರೆ ಸಾವಿರ ಜನ ಉಳಿದಿರೋ ಕಡೆ ಒಂದು ಮನೆ ಅಂದ್ರೆ ಒಂದು ಸಂಸಾರ. ನೋಡೋಕೆ ಹೋಗಿ, ಬೆಳಿಗ್ಗೆ ಗುಂದುಲಿಚ್ ಚೌಕದ ಸಂತೆಯಲ್ಲಿ ಹಳ್ಳಿ ಹೆಂಗಸರ ಹತ್ತಿರ ಸೊಪ್ಪು, ಒಣ ಅಂಜೂರ ತಗೊಳ್ಳಿ, ಮನೆಗೆ ವಾಪಸ್ ಬನ್ನಿ. ಎರಡನೆಯದು, ವರ್ಷದ ಕರಾರು ಕೇಳಿ, ಕೊಡದಿದ್ದರೆ ಆ ಮನೆ ಬೇಡ ಅನ್ನಿ. ನಾನು ಗ್ರೂಜ್ ಮನೆ ಬಿಟ್ಟಮೇಲೆ ಎರಡು ತಿಂಗಳು ಹುಡುಕಿ, ಬಸ್ಸಲ್ಲಿ ಅರ್ಧ ಗಂಟೆ ದೂರದ ಮೊಕೊಶಿತ್ಸಾದಲ್ಲಿ ಹನ್ನೆರಡು ತಿಂಗಳ ಕರಾರಿಗೆ ಮನೆ ಹಿಡಿದೆ. ಕೋಟೆ ಕಾಣಲ್ಲ. ಎದುರುಮನೆ ಅಜ್ಜನ ಟೊಮೇಟೊ ಗಿಡ ಕಾಣುತ್ತೆ. ಮೂರನೆಯದು, ಭಾಷೆ ಕಲೀರಿ. ದೋಬರ್ ದಾನ್ ಅನ್ನೋ ನಮಸ್ಕಾರ ಮಾತ್ರ ಅಲ್ಲ, ನೀರು ಬರಲ್ಲ ಅಂತ ಕಟ್ಟಡದ ಬಾಗಿಲಿಗೆ ಅಂಟಿಸಿದ ಚೀಟಿ ಓದೋಷ್ಟಾದರೂ. ಬೆಂಗಳೂರಿಗೆ ಬಂದು ಹತ್ತು ವರ್ಷ ಆದರೂ ಕನ್ನಡ ಕಲೀಲಿಲ್ಲ ಅಂತ ಬೇರೆಯವರನ್ನ ಬೈತೀವಲ್ಲ, ಆ ಬಾಯಿಗೆ ಇಲ್ಲಿ ಏನಾಗುತ್ತೆ?

ಮುಖ್ಯವಾದದ್ದು ನಾಲ್ಕನೆಯದು. ತೆರಿಗೆಯನ್ನ ನಾವೇ ಕೇಳಬೇಕು. ಕಾನೂನು ಬಿಟ್ಟಿದೆ ಅಂತ ಸುಮ್ಮನಿರೋದಲ್ಲ. ನೊಮಾಡ್‌ಗಳ ಸಭೆ ನಡೆದಾಗೆಲ್ಲ ಇಂಟರ್ನೆಟ್ ವೇಗ, ಕಾಫಿ, ಕೋವರ್ಕಿಂಗ್ ಜಾಗ ಅಂತ ಬೇಡಿಕೆ ಪಟ್ಟಿ ಕೊಡ್ತೀವಲ್ಲ, ಅದರಲ್ಲಿ ಮೊದಲ ಸಾಲು ಇದಾಗಲಿ: ನಮ್ಮ ಸಂಬಳದ ಹತ್ತು ಪರ್ಸೆಂಟ್ ಈ ನಗರಸಭೆಗೆ ಹೋಗಲಿ, ಆ ದುಡ್ಡಲ್ಲಿ ವರ್ಷಪೂರ್ತಿ ಇಲ್ಲಿ ಕೆಲಸ ಮಾಡೋರಿಗೆ ಮನೆ ಕಟ್ಟಲಿ. 3,295 ಯೂರೋದಲ್ಲಿ ಹತ್ತು ಪರ್ಸೆಂಟ್ ಅಂದ್ರೆ 329 ಯೂರೋ ಚಿಲ್ಲರೆ. ಒಬ್ಬರಿಂದ ಏನೂ ಆಗಲ್ಲ, ನೂರು ಜನ ಕೊಟ್ಟರೆ ತಿಂಗಳಿಗೆ ಮೂವತ್ತೆರಡು ಸಾವಿರ ದಾಟುತ್ತೆ. ಅಷ್ಟು ಕೊಡಬೇಕಾದರೆ ನಾನು ಬರಲ್ಲ, ಥಾಯ್ಲೆಂಡಿಗೆ ಹೋಗ್ತೀನಿ ಅನ್ನೋರು ಹೋಗಲಿ. ಅವರು ಬಿಟ್ಟ ಮನೆ ಯಾರಿಗಾದರೂ ಆಗುತ್ತೆ.

ಲೊವ್ರಿಯೆನಾತ್ ಅನ್ನೋ ಕೋಟೆ ಬಾಗಿಲ ಮೇಲೆ, ಎಷ್ಟು ಚಿನ್ನ ಕೊಟ್ಟರೂ ಸ್ವಾತಂತ್ರ್ಯ ಮಾರೋದು ಸರಿಯಲ್ಲ ಅನ್ನೋ ಅರ್ಥದ ಲ್ಯಾಟಿನ್ ಬರಹ ಇದೆ. ಎಲ್ಲರೂ ಅದರ ಫೋಟೋ ತೆಗೀತಾರೆ. ಸ್ವಾತಂತ್ರ್ಯ ದೊಡ್ಡ ಮಾತಾಯಿತು, ನನಗೆ ಗೊತ್ತಿರೋದು ಸಣ್ಣ ವಿಷಯ. ಈ ಊರು ಚಿನ್ನಕ್ಕೆ ಮಾರಿದ್ದು ತನ್ನ ಮನೆಗಳ ಮೂರನೇ ಮಹಡಿಯನ್ನ, ಕೊಂಡವರಲ್ಲಿ ನಮ್ಮಂಥ ಗಿರಾಕಿಗಳೂ ಇದ್ದಾರೆ.

ಮುಂದಿನ ಮೇ 31ಕ್ಕೆ ಆ ನರ್ಸ್ ಮತ್ತೆ ಮನೆ ಖಾಲಿ ಮಾಡಬೇಕಾ ಬೇಡವಾ ಅನ್ನೋದು ಸರ್ಕಾರ, ನಗರಸಭೆ, ಮಾಲೀಕರು ತೀರ್ಮಾನ ಮಾಡೋ ವಿಷಯ, ನಮ್ಮ ಕೈಲಿಲ್ಲ. ಎಂಟು ತಿಂಗಳ ಕರಾರಿಗೆ ಸಹಿ ಹಾಕೋ ಪೆನ್ನು ಮಾತ್ರ ನಮ್ಮ ಕೈಲೇ ಇದೆ. ಅದನ್ನ ಕೆಳಗಿಡಿ ಅಂತ ಕೇಳ್ತಿದ್ದೀನಿ.

ಏನಂತೀರಿ? ಒಪ್ಪದಿದ್ದರೆ ಬೈದು ಬರೀರಿ, ಬೇಜಾರಿಲ್ಲ. ಆದರೆ "ಟ್ಯಾಕ್ಸ್ ಇಲ್ವಂತೆ, ನಿಜಾನಾ?" ಅಂತ ಮಾತ್ರ ಇನ್ನು ಕೇಳಬೇಡಿ ಮಾರಾಯ್ರೆ!